ಮಠದ ಕಾರಿನ ಆರದ ಹಳದಿ ದೀಪ

ಕಾಶಿಯ ಸೋನಾರ್‌ಪುರದ ನಡುರಸ್ತೆಯಲ್ಲಿ ಕಾರು ಸತ್ತಿತು.

ಒಂದು ಕೆಮ್ಮು. ಒಂದು ನಡುಕ. ಅಷ್ಟೇ. ಹಿಂದೆ ನೂರು ಇ-ರಿಕ್ಷಾ, ಇನ್ನೂರು ಆಟೊ, ಲೆಕ್ಕವಿಲ್ಲದಷ್ಟು ಗೂಳಿಗಳು ನಿಂತವು. ಆ ಹಾರ್ನಿನ ಸದ್ದಿಗೆ ಗಂಗೆಯ ಆಚೆ ದಡದ ಒಂಟೆಗಳು ಬೆದರಿ ಓಡಿದವಂತೆ. ನಾನು ನೋಡಿಲ್ಲ. ಆದರೆ ಓಡಿರಲೇಬೇಕು.

ಕಾರಿನಲ್ಲಿದ್ದವರು ಮೂವರು. ಹಿಂದಿನ ಸೀಟಿನಲ್ಲಿ ನಮ್ಮ ಮಠದ ಹಿರಿಯರಾದ ಗುರುಪಾದಯ್ಯ ಸ್ವಾಮಿಗಳು, ಕಣ್ಣು ತೋರಿಸಲು ಆಸ್ಪತ್ರೆಗೆ ಹೊರಟವರು. ಸ್ಟೇರಿಂಗ್ ಹಿಡಿದವನು ಡ್ರೈವರ್ ವೀರಯ್ಯ. ಅವನ ಪಕ್ಕದಲ್ಲಿ ನಾನು, ಸೋಮಲಿಂಗಯ್ಯ, ಮಠದ ಯಾತ್ರಿನಿವಾಸದ ವ್ಯವಸ್ಥಾಪಕ. ಬೋರ್ಡಿನ ಮೇಲೆ ಹಾಗೆ ಬರೆದಿದೆ. ಆದರೆ ಕಾಶಿಗೆ ಬರುವ ಕನ್ನಡಿಗರ ಪಾಲಿಗೆ ಠಾಣೆ, ಕೋರ್ಟು, ಪತ್ತೇದಾರಿ ಇಲಾಖೆ ಎಲ್ಲವೂ ನಾನೇ. ವಿಶ್ವನಾಥ ಗಲ್ಲಿಯಲ್ಲಿ ಲಕ್ಷ ಜೋಡಿ ಚಪ್ಪಲಿಗಳ ನಡುವೆ ಹುಬ್ಬಳ್ಳಿಯ ಯಾತ್ರಿಕರೊಬ್ಬರ ಎಡಗಾಲಿನ ಚಪ್ಪಲಿಯನ್ನು ಬರೀ ವಾಸನೆಯಿಂದ ಹುಡುಕಿಕೊಟ್ಟವನು ನಾನು.

ರಸ್ತೆಯ ಆಚೆ ಬದಿಯಲ್ಲೇ ಲಲ್ಲನ್ ಮಿಸ್ತ್ರಿಯ ಗ್ಯಾರೇಜು. ಕಾರನ್ನು ತಳ್ಳಿಕೊಂಡು ಹೋದೆವು. ಲಲ್ಲನ್ ಹಿಂದಿನ ಸೀಟು ಎತ್ತಿದ. ಟ್ಯಾಂಕಿನೊಳಗೆ ರಬ್ಬರ್ ಕೊಳವೆ ಇಳಿಸಿದ. ತಳದಿಂದ ಒಂದು ಗಾಜಿನ ಬಾಟಲಿಯಷ್ಟು ಎಳೆದು ಬೆಳಕಿಗೆ ಹಿಡಿದ.

“ಕಾ ಗುರು, ಏನ್ರೀ ಇದು,” ಎಂದ ನನಗೆ, ತನ್ನ ಅರೆಬರೆ ಕನ್ನಡದಲ್ಲಿ. “ಗಾಡಿಗೆ ಪೆಟ್ರೋಲ್ ಹಾಕ್ತೀರೋ, ಪಾನಿ ಹಾಕ್ತೀರೋ?”

ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರು.

ಕೆಳಗಿಳಿದು ನಿಂತಿದ್ದ ಗುರುಪಾದಯ್ಯನವರು ಮುಂದಿನ ಬಾಗಿಲು ತೆಗೆದರು. ಒಳಗೆ ಬಾಗಿ, ಡ್ಯಾಶ್‌ಬೋರ್ಡಿನ ಒಂದು ಮೂಲೆಗೆ ಬೆರಳಿಟ್ಟರು. ಅಲ್ಲಿ ಕಪ್ಪು ಟೇಪಿನ ತುಂಡು ಅಂಟಿಸಿತ್ತು. ಕಿತ್ತರು. ಕೆಳಗೆ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಉರಿಯುತ್ತಿತ್ತು.

“ಇದನ್ನ ಯಾಕ ಮುಚ್ಚೀದಿ, ವೀರಯ್ಯಾ?”

ವೀರಯ್ಯನ ಮುಖ ಬಿಳಿಚಿತು.

*

ಆ ದೀಪದ ಕಥೆ ಹೇಳಬೇಕು.

ಕಾರು ಹಳೆಯದು. ಯಾವುದೋ ಭಕ್ತರು ಓಡಿಸಿ ಓಡಿಸಿ ಸಾಕಾಗಿ ಮಠಕ್ಕೆ ಕೊಟ್ಟದ್ದು. ಬಣ್ಣ ಬಿಳಿ. ಹಾಗಾಗಿ ಎಲ್ಲರೂ ಅದನ್ನು ನಂದಿ ಎನ್ನುತ್ತಾರೆ. ಚಳಿಗಾಲ ಮುಗಿದ ಮೇಲೆ ನಂದಿಗೆ ಈ ದೀಪದ ರೋಗ ಅಂಟಿತು. ಲಲ್ಲನ್ ಪ್ಲಗ್ ಬದಲಿಸಿದ. ದೀಪ ಆರಿತು. ಕೆಲವು ದಿನಕ್ಕೆ ಮತ್ತೆ ಹತ್ತಿತು. ಕಾಯಿಲ್ ಬದಲಿಸಿದ. ಆರಿತು, ಹತ್ತಿತು. ಸೈಲೆನ್ಸರ್ ಕೊಳವೆಯ ಸೆನ್ಸರ್ ಬದಲಿಸಿದ. ಬ್ಯಾಟರಿಯ ತಂತಿ ಕಿತ್ತು ಕೂಡಿಸಿದ. ಕೊನೆಗೆ ಎಂಜಿನ್ನಿಗೆ ದೃಷ್ಟಿ ತೆಗೆದ. ಅಶೋಕ ಚಕ್ರವರ್ತಿಯ ಕಾಲದಿಂದ ಕಾಶಿಯಲ್ಲಿ ಉರಿಯುತ್ತಿರುವ ಎಲ್ಲ ದೀಪಗಳಿಗಿಂತ ಹಟಮಾರಿ ದೀಪ ಅದು.

ನಂದಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಮಠದ ಅಂಗಳಕ್ಕೆ ಮರಳಿದಾಗ, ಸುದ್ದಿ ಕೇಳಿದ್ದ ಉಗ್ರಾಣದ ತೋಂಟೇಶ ಕಾಯುತ್ತಿದ್ದ. ಅಕ್ಕಿ ಬೇಳೆ ಅಳೆಯುವುದು ಅವನ ಕೆಲಸ. ಮನುಷ್ಯರನ್ನು ಅಳೆಯುವುದು ಅವನ ಚಟ.

“ನಾ ಮೊದಲೇ ಹೇಳಿದ್ದೆ, ಅಜ್ಜಾರ,” ಎಂದ ಸ್ವಾಮಿಗಳಿಗೆ. “ಪೆಟ್ರೋಲ್ ತಗದು ಮಾರ್ತಾನ. ಮೀಟರಿನ ಮುಳ್ಳು ಇಳೀಬಾರದು ಅಂತ ನೀರು ಸುರೀತಾನ. ದೀಪ ಕಾಣಬಾರದು ಅಂತ ಟೇಪ್ ಹಚ್ಚ್ಯಾನ.”

“ಯಾತ್ರಿಕರು ಹೆದರ್ತಿದ್ರಿ,” ಎಂದ ವೀರಯ್ಯ. “ಆಸ್ಪತ್ರೆಗೆ ಹೋಗೋ ಮುದುಕರು ಆ ದೀಪ ನೋಡಿ, ಗಾಡಿ ಉರೀತೈತೇನಪಾ ಅಂತ ನನ್ನ ಅಂಗಿ ಜಗ್ಗತಿದ್ರು. ಅದಕ್ಕ ಮುಚ್ಚೀನಿ.”

“ಟ್ಯಾಂಕಿನ ಮುಚ್ಚಳಕ್ಕ ಬೀಗ ಐತಿ. ಕೀಲಿ ಯಾರ ಹತ್ರ ಐತಿ?”

“ನನ್ನ ಹತ್ರ.”

ತೋಂಟೇಶ ಕೈ ಝಾಡಿಸಿದ, ಪ್ರಕರಣ ಮುಗಿಯಿತು ಎಂಬಂತೆ.

ಗುರುಪಾದಯ್ಯನವರು ಕಣ್ಣು ಮುಚ್ಚಿದರು. ಅವರು ಕೆಟ್ಟವರಲ್ಲ. ಆದರೆ ಮಠದ ವಸ್ತುವಿಗೆ ಕೈ ಹಾಕಿದವರನ್ನು ಎಂದೂ ಇಟ್ಟುಕೊಂಡವರಲ್ಲ.

“ನಾಳೆ ಸಂಜೀತನಕ ನೋಡೂಣು. ಸತ್ಯ ಸಿಗಲಿಲ್ಲಂದ್ರ ನೀ ಊರಿಗೆ ಹೊಂಡಪಾ.”

ವೀರಯ್ಯ ಕಾಲು ಹಿಡಿಯಲಿಲ್ಲ, ಅಳಲಿಲ್ಲ. ಇಷ್ಟೇ ಹೇಳಿದ:

“ಮಂದಿ ಪಾಪ ತೊಳಕೊಳ್ಳಾಕ ಕಾಶಿಗೆ ಬರ್ತಾರ. ನಾ ಇಲ್ಲಿಂದ ಕಳ್ಳ ಅನ್ನೋ ಹೆಸರು ಹೊತಗೊಂಡು ಹೆಂಗ ಹೋಗ್ಲಿರಿ?”

ನನ್ನ ಎದೆಯಲ್ಲಿ ಏನೋ ಚುಚ್ಚಿತು. ನನ್ನ ಎದೆ ಮಾಮೂಲಿ ಎದೆಯಲ್ಲ. ಅದರೊಳಗೆ ಎರಡು ಸ್ಟೆಂಟ್ ಇವೆ.

ಕಳೆದ ಪುಷ್ಯಮಾಸದ ಒಂದು ಮುಂಜಾನೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಾಶಿಯ ಮಂಗಗಳು ಒಂದರ ಬಾಲ ಇನ್ನೊಂದು ಹಿಡಿದು ನಡೆಯುತ್ತಿದ್ದವು. ನನ್ನ ಎದೆಯ ಮೇಲೆ ಆನೆ ಕೂತಿತು. ವೀರಯ್ಯ ನನ್ನನ್ನು ನಂದಿಯ ಹಿಂದಿನ ಸೀಟಿಗೆ ಹಾಕಿಕೊಂಡು ಹೊರಟ. ದಾರಿಯಲ್ಲಿ ಒಂದು ತಿರುವು ಬರುತ್ತದೆ. ಎಡಕ್ಕೆ ಹೋದರೆ ಹರಿಶ್ಚಂದ್ರ ಘಾಟ್, ಸ್ಮಶಾನ. ನೇರ ಹೋದರೆ ಆಸ್ಪತ್ರೆ. ಎದುರಿಗೆ ಏನೂ ಕಾಣದ ಆ ಮಂಜಿನಲ್ಲಿ ವೀರಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಿದ. ನೇರ ಹೋದ. ಇನ್ನು ಸ್ವಲ್ಪ ತಡವಾಗಿದ್ದರೆ ಎಡಕ್ಕೆ ತಿರುಗಿಸಬೇಕಾಗುತ್ತಿತ್ತು ಎಂದರು ಡಾಕ್ಟರು. ಅಂದಿನಿಂದ ನಾನು ಉಸಿರಾಡುವಾಗ ಒಳಗೆ ಹೋಗುವ ಉಸಿರು ಶಿವನದು, ಹೊರಗೆ ಬರುವುದು ವೀರಯ್ಯನದು. ಇದನ್ನು ಕಾಶಿಗೆ ಬಂದ ಪ್ರತಿ ಯಾತ್ರಿಕನಿಗೂ ಹೇಳಿದ್ದೇನೆ.

“ಅಜ್ಜಾರ,” ಎಂದೆ. “ಈ ಕೇಸು ನನಗೆ ಬಿಡ್ರಿ.”

*

ಮೊದಲ ಅನುಮಾನ, ಪೆಟ್ರೋಲ್ ಬಂಕ್. ಲಲ್ಲನ್‌ನ ಸ್ಕೂಟರಿಗೂ ಪೆಟ್ರೋಲ್ ಅಲ್ಲಿಯದೇ. “ನನ್ನ ಸ್ಕೂಟರ್ ಕುದುರೆ ಹಾಗೆ ಓಡ್ತದೆ,” ಎಂದ. ಬಂಕ್ ಖುಲಾಸೆ.

ಎರಡನೆಯದು, ಮಂಗಗಳು. ಕಾಶಿಯ ಮಂಗ ಕನ್ನಡಕ ಕದ್ದು ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತದೆ. ವೈರು ಕಡಿಯಬಲ್ಲದು. ಆದರೆ ಬೀಗ ತೆಗೆದು ನೀರು ಹೊಯ್ದು ಮತ್ತೆ ಬೀಗ ಹಾಕುವಷ್ಟು ಶಿಸ್ತು ಅದಕ್ಕಿಲ್ಲ. ಮಂಗ ಖುಲಾಸೆ.

ಮೂರನೆಯದು, ಕಾರು ತೊಳೆಯುವ ನೀರು. ಮುಚ್ಚಳದ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಒಂದು ಹನಿಯೂ ನುಸುಳದು.

ಉಳಿದವನು ತೋಂಟೇಶ. ಅವನ ಹೆಂಡತಿಯ ತಮ್ಮನೊಬ್ಬ ಊರಲ್ಲಿ ಲೈಸೆನ್ಸ್ ಹಿಡಿದುಕೊಂಡು ಕೂತಿದ್ದಾನೆ. ವೀರಯ್ಯ ಹೋದರೆ ಆ ಸೀಟು ಅವನಿಗೆ. ಉಗ್ರಾಣಕ್ಕೆ ನುಗ್ಗಿದೆ. ನನ್ನ ಕಣ್ಣಿನ ಉರಿಗೆ ಗೋಣಿಯೊಳಗಿನ ಮೆಣಸಿನಕಾಯಿ ಸೀನಿದವು.

“ನಿಮ್ಮ ಭಾವಮೈದುನ ಯಾವಾಗ ಬರ್ತಾನೋ?”

“ಬರಾಕ ಹೇಳೀನಿ. ತಪ್ಪೇನು?” ತೋಂಟೇಶ ಬೆದರಲಿಲ್ಲ. “ಆದ್ರ ಟ್ಯಾಂಕಿಗೆ ನಾ ಕೈ ಹಚ್ಚಿಲ್ಲ. ಹಚ್ಚಬೇಕಂದ್ರ ಕೀಲಿ ಬೇಕಲ್ಲ, ಸಾಹೇಬ್ರ? ಇರೋದು ಎರಡು. ಒಂದು ವೀರಯ್ಯನ ಉಡದಾರದಾಗ. ಇನ್ನೊಂದು ನಿಮ್ಮ ಮನ್ಯಾಗ.”

ಅದು ನಿಜ. ಎರಡನೆಯ ಕೀಲಿ ನಮ್ಮ ಮನೆಯ ಪೂಜಾಕೋಣೆಯ ಮೊಳೆಗೆ ನೇತಾಡುತ್ತದೆ. ರಿಸರ್ವ್ ಬ್ಯಾಂಕಿನ ಖಜಾನೆಗೆ ಅಷ್ಟು ಭದ್ರತೆ ಇಲ್ಲ. ಕಾವಲಿಗೆ ನನ್ನ ಹೆಂಡತಿ ಬಸಲಿಂಗಮ್ಮ. ಇರುವೆಯೂ ಅವಳ ಅಪ್ಪಣೆ ಕೇಳಿ ಒಳಗೆ ಬರುತ್ತದೆ.

ಅಲ್ಲಿಗೆ ದಾರಿ ಮುಚ್ಚಿತು. ನನ್ನ ಎಲ್ಲ ಬುದ್ಧಿಯೂ ಸುತ್ತಿ ಸುತ್ತಿ ವೀರಯ್ಯನ ಉಡದಾರದ ಕಡೆಗೇ ಬೆರಳು ತೋರಿಸುತ್ತಿತ್ತು.

ಸಂಜೆ ಊಟಕ್ಕೆ ಕೂತೆ. ತನಿಖೆಯ ಗುಟ್ಟನ್ನು ನಾನು ಮನೆಯಲ್ಲಿ ಬಿಟ್ಟುಕೊಡುವವನಲ್ಲ. ಕಾರು ನಿಂತಿತು ಎಂದಷ್ಟೇ ಹೇಳಿದೆ.

“ಆ ದೀಪ ಮತ್ತ ಹತ್ತೈತೇನ್ರಿ?” ಎಂದಳು ಬಸಲಿಂಗಮ್ಮ. ದೀಪ ಹತ್ತಿದಾಗಲೆಲ್ಲ ಇದೇ ಪ್ರಶ್ನೆ, ಇದೇ ಕಳವಳ.

“ಹತ್ತೈತಿ.”

“ಪಾಪ. ಇನ್ನೂ ಆರಾಮಾಗಿಲ್ಲ ಅದಕ್ಕ.” ರೊಟ್ಟಿ ತಟ್ಟುತ್ತಿದ್ದ ಕೈ ಒಂದು ಗಳಿಗೆ ನಿಂತಿತು.

*

ಮರುದಿನ ಬೆಳಿಗ್ಗೆ ಅದಿತಿ ಬಂದಳು. ಮೈಸೂರಿನ ಹುಡುಗಿ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಬಸಲಿಂಗಮ್ಮನ ರೊಟ್ಟಿಯ ಆಸೆಗೆ ಮಠಕ್ಕೆ ಬರುತ್ತಾಳೆ. ನಾನೇ ಫೋನ್ ಮಾಡಿ ಲಲ್ಲನ್‌ನ ಗ್ಯಾರೇಜಿಗೆ ಕರೆಸಿದ್ದೆ.

ಎಂಜಿನ್ನಿನ ದೋಷ ಓದುವ, ಹೆಬ್ಬೆರಳಿನಷ್ಟು ದೊಡ್ಡ ಒಂದು ಯಂತ್ರವನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ ಮೊಬೈಲ್ ನೋಡಿದಳು.

“ಮಿಸ್‌ಫೈರ್ ಅಂಕಲ್. ಎಂಜಿನ್ ಒಳಗೆ ಬೆಂಕಿ ಸರಿಯಾಗಿ ಹತ್ತುತ್ತಿಲ್ಲ. ಪೆಟ್ರೋಲಲ್ಲಿ ನೀರು ಇದ್ರೆ ಹೀಗೇ ಆಗೋದು. ದೀಪ ಯಾವತ್ತು ಹತ್ತುತ್ತೆ?”

“ಮಂಗಳವಾರ,” ಎಂದ ಲಲ್ಲನ್ ಥಟ್ಟನೆ. “ಹರ್ ಬಾರ್, ಪ್ರತಿ ಸಲ ಮಂಗಳವಾರ. ನಿನ್ನೆಯೂ ಅದೇ. ಅವತ್ತು ನಾನು ಹನುಮಾನ್‌ಜಿ ದರ್ಶನಕ್ಕೆ ಹೊರಟಿರ್ತೇನೆ, ಆಗಲೇ ಈ ಗಾಡಿ ಬಂದು ನಿಲ್ತದೆ.”

ಅದಿತಿ ನನ್ನ ಕಡೆ ನೋಡಿದಳು. “ಸೋಮವಾರ ಏನ್ ಮಾಡ್ತೀರಿ ಇದಕ್ಕೆ?”

“ಏನೂ ಇಲ್ಲ. ಸೋಮವಾರ ಗಲ್ಲಿಗಳಲ್ಲಿ ಜನಜಂಗುಳಿ. ಗಾಡಿ ಹೊರಗೇ ತೆಗೆಯಲ್ಲ.”

“ಅದೇ ಮತ್ತೆ. ಇಡೀ ದಿನ ನಿಂತಿರುತ್ತೆ. ನೀರು ಭಾರ, ತಳಕ್ಕೆ ಕೂರುತ್ತೆ. ಪಂಪ್ ಎಳೆಯೋದೇ ತಳದಿಂದ. ಮಂಗಳವಾರ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿಗೆ ಮೊದಲ ಗುಟುಕು ನೀರೇ.”

ನಿನ್ನೆಯ ಬಾಟಲಿ ಕಿಟಕಿಯಲ್ಲಿತ್ತು. ರಾತ್ರಿಯೆಲ್ಲ ಅಲುಗದೆ ನಿಂತು ಈಗ ಮೂರು ಪದರವಾಗಿತ್ತು. ಮೇಲೆ ಪೆಟ್ರೋಲ್. ನಡುವೆ ನೀರು. ತಳದಲ್ಲಿ ಬಿಳಿಯ ಕೆಸರು.

“ಚೂನಾ,” ಎಂದ ಲಲ್ಲನ್, ಬಾಯಿಯ ಪಾನ್ ಸರಿಸುತ್ತ. ಸುಣ್ಣ ಎಂದು ಅವನ ಊಹೆ.

“ಲ್ಯಾಬಲ್ಲಿ ನೋಡಬೇಕು,” ಎಂದಳು ಅದಿತಿ. “ನಾಳೆ ಹೇಳ್ತೀನಿ.”

ನಾಳೆ! ಇವತ್ತು ಸಂಜೆ ವೀರಯ್ಯನ ರೈಲು. ಬಾಟಲಿ ಬಗ್ಗಿಸಿ ಕೆಸರನ್ನು ಮೂರು ಬೆರಳಿಗೆ ತೆಗೆದುಕೊಂಡೆ. ಉಜ್ಜಿದೆ, ಮೂಸಿದೆ, ಯೋಚಿಸಿದೆ. ಅಂಥ ಯೋಚನೆಗೆ ಹಿಮಾಲಯವೂ ಬೆವರುತ್ತಿತ್ತು, ನಾನೂ ಬೆವರಿದೆ. ಹಣೆ ಒರೆಸಿಕೊಂಡೆ.

ಅದಿತಿ ಕಿಸಕ್ಕನೆ ನಕ್ಕಳು.

“ಏನಮ್ಮಾ?”

“ಏನಿಲ್ಲ ಅಂಕಲ್. ಒಂದೇ ಬೆಳಿಗ್ಗೆ ಎರಡೆರಡು ಸಲ ವಿಭೂತಿ ಹಚ್ಕೊಂಡಿದ್ದೀರಾ?”

ಲಲ್ಲನ್ ಸ್ಕೂಟರಿನ ಕನ್ನಡಿ ತಿರುಗಿಸಿದ. ನೋಡಿದೆ. ಹಣೆಯ ಮೇಲೆ ಬೆಳಿಗ್ಗೆಯ ಮೂರು ಗೆರೆ. ಅದರ ಮೇಲೆ, ಒಣಗುತ್ತ ಬೆಳ್ಳಗಾಗುತ್ತ, ಇನ್ನೂ ಮೂರು ಗೆರೆ. ಅದೇ ಬಣ್ಣ. ಅದೇ ನುಣುಪು.

ಇದು ನನ್ನ ತನಿಖಾ ವಿಧಾನವೆಂದು ಅವರಿಬ್ಬರಿಗೂ ಹೇಳಿದೆ. ನಂಬಿದರು ಎಂದುಕೊಂಡಿದ್ದೇನೆ.

“ಇದು ವಿಭೂತಿ!” ಎಂದೆ. “ಪೆಟ್ರೋಲ್ ಕದಿಯುವವನು ನಲ್ಲಿಯ ನೀರು ಹಾಕುತ್ತಾನೆ. ಯಾವ ಕಳ್ಳ ವಿಭೂತಿ ಬೆರೆಸಿ ಹಾಕುತ್ತಾನೆ? ಇದು ಕಳ್ಳನ ಕೆಲಸವೇ ಅಲ್ಲ. ಇದು ಭಕ್ತರ ಕೆಲಸ!”

“ಯಾವ ಭಕ್ತರು?” ಎಂದಳು ಅದಿತಿ.

“ಸೋಮವಾರ ಪೂಜೆ ಮಾಡುವವರು. ಕೀಲಿ ಇರುವವರು. ಕೀಲಿ ಎರಡೇ. ಒಂದು ವೀರಯ್ಯನದು. ಸೋಮವಾರ ಮುಂಜಾನೆ ಅವನು ಕೇದಾರ ಘಾಟಿನಲ್ಲಿ ಸ್ನಾನಕ್ಕೆ ಹೋಗಿರುತ್ತಾನೆ. ಇನ್ನೊಂದು…”

ನನ್ನ ಬಾಯಿ ತೆರೆದೇ ಉಳಿಯಿತು. ಕಾಶಿಯ ನೊಣಗಳಿಗೆ ಅಂಥ ಅವಕಾಶ ಹಿಂದೆಂದೂ ಸಿಕ್ಕಿರಲಿಲ್ಲ.

*

ಪೂಜಾಕೋಣೆಯ ಮೊಳೆಯಿಂದ ಕೀಲಿ ತೆಗೆದೆ. ಮೂಗಿಗೆ ಹಿಡಿದೆ. ಪೆಟ್ರೋಲ್.

ಕೀಲಿಯ ತಲೆಯ ಮೇಲೆ ವಿಭೂತಿಯ ಮೂರು ಪುಟ್ಟ ಗೆರೆಗಳಿದ್ದವು.

ಹಿಂದೆ ಬಾಗಿಲಲ್ಲಿ ಬಸಲಿಂಗಮ್ಮ ನಿಂತಿದ್ದಳು.

“ಏನ್ ಹುಡಕಾಕತ್ತೀರಿ?”

“ಈ ಕೀಲಿಗೆ ಯಾರು ವಿಭೂತಿ ಹಚ್ಚಿದವರು?”

“ನಾನು.”

“ನಂದಿಯ ಟ್ಯಾಂಕಿಗೆ ನೀರು ಹಾಕಿದವರು?”

“ನೀರಲ್ಲ,” ಎಂದಳು, ಮುಖ ಗಂಟಿಕ್ಕಿ. “ತೀರ್ಥ. ಸೋಮವಾರ ಗಂಗಾಜಲದಿಂದ ಲಿಂಗಪೂಜಿ ಮಾಡ್ತೀನಲ್ಲ, ಅದರ ತೀರ್ಥ.”

ನಾನು ಗೋಡೆಗೆ ಒರಗಿದೆ.

“ತೀರ್ಥ ಟ್ಯಾಂಕಿಗೆ ಯಾಕ ಹಾಕ್ತೀಯೇ?”

“ಮತ್ತೆಲ್ಲಿ ಹಾಕ್ಬೇಕು? ಅವತ್ತು ನಿಮ್ಮನ್ನ ಹೊತಗೊಂಡು ಓಡಿದ್ದು ಅದು. ಅದು ಓಡದಿದ್ರ ನನ್ನ ಗತಿ ಏನಿತ್ತು? ಆಸ್ಪತ್ರೆ ಬಾಗಲದಾಗ ಕೂತು ಹರಕಿ ಹೊತ್ತಿದ್ದೆ, ನನ್ನ ಪೂಜಿದಾಗ ಇದಕ್ಕೊಂದು ಪಾಲು ಕೊಡ್ತೀನಂತ. ತೀರ್ಥ ಅಂದ್ರ ಕುಡಿಯೋದು. ನಾವೇನು ಕಾಲಿಗೆ ಸುರಕೊಂತೀವೇನು? ಅದು ಕುಡಿಯೋ ಬಾಯಿ ಅದೊಂದೇ ಅಲ್ರೀ?”

ವೀರಶೈವ ಶಾಸ್ತ್ರ ಓದಿದ ಸಾವಿರ ಪಂಡಿತರನ್ನು ಕರೆದು ತಂದರೂ ಈ ವಾದವನ್ನು ಮುರಿಯಲಾರರು. ನಾನು ಪ್ರಯತ್ನಿಸಲಿಲ್ಲ.

“ಎಷ್ಟು ಹಾಕ್ತಿದ್ದಿ?”

“ಮೊದಲು ಒಂದು ಚಮಚ. ಆಮ್ಯಾಲ ನೀವ ಬಂದು, ದೀಪ ಹತ್ತೈತಿ, ಗಾಡಿಗೆ ಆರಾಮಿಲ್ಲ ಅಂದ್ರಿ. ಅದಕ್ಕ ಬಟ್ಟಲ ಮಾಡಿದೆ. ಮತ್ತ ಹತ್ತೈತಿ ಅಂದ್ರಿ. ಮೊನ್ನೆ ಸೋಮವಾರ ಒಂದು ತಂಬಿಗಿ ಪೂರ್ತಿ ಹಾಕೀನಿ.”

ದೀಪ ಹತ್ತಿದಷ್ಟೂ ತೀರ್ಥ. ತೀರ್ಥ ಹೆಚ್ಚಿದಷ್ಟೂ ದೀಪ. ಲಲ್ಲನ್ ಎಷ್ಟು ಸಾಮಾನು ಬದಲಿಸಿದರೇನು ಬಂತು?

“ಬಸಲಿಂಗವ್ವಾ,” ಎಂದೆ ಮೆಲ್ಲಗೆ. “ಆ ನೀರು ವೀರಯ್ಯ ಹಾಕ್ಯಾನಂತ, ಪೆಟ್ರೋಲ್ ಕದ್ದಾನಂತ, ಇವತ್ತು ಸಂಜೀಕ ಅವನನ್ನ ಊರಿಗೆ ಕಳಸಾಕತ್ತಾರ.”

ಅವಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

“ಯಾರನ್ನ? ವೀರಯ್ಯನ್ನ? ಇದನ್ನ ನಿನ್ನೆ ಯಾಕ ಹೇಳ್ಲಿಲ್ಲ ನೀವು?”

“ತನಿಖೆಯ ಗುಟ್ಟು…”

“ನಿಮ್ಮ ಗುಟ್ಟಿಗೆ ಬೆಂಕಿ ಹಚ್ಚ!”

ಸೆರಗು ಹೊದ್ದು ಹೊರಟೇಬಿಟ್ಟಳು. ನಾನು ಕೀಲಿ ಹಿಡಿದು ಹಿಂದೆ ಓಡಿದೆ.

*

ಅಂಗಳದಲ್ಲಿ ವೀರಯ್ಯನ ಟ್ರಂಕು ಕಟ್ಟಿ ಇಟ್ಟಿತ್ತು. ಗುರುಪಾದಯ್ಯನವರು ಕಟ್ಟೆಯ ಮೇಲೆ ಕೂತಿದ್ದರು. ತೋಂಟೇಶ ಕಂಬಕ್ಕೆ ಒರಗಿದ್ದ. ಅದಿತಿ ಮತ್ತು ಲಲ್ಲನ್ ಬಾಟಲಿ ಹಿಡಿದು ಆಗಲೇ ಬಂದಿದ್ದರು.

ನಾನು ಗಂಟಲು ಸರಿಮಾಡಿಕೊಂಡೆ.

“ಅಜ್ಜಾರ, ಅಪರಾಧಿ ಸಿಕ್ಕಾರ. ಈ ಭರತಖಂಡದಾಗ ಇಂಥಾ ಕೇಸು—”

“ಭಾಷಣ ಸಾಕ್ರಿ,” ಎಂದಳು ಬಸಲಿಂಗಮ್ಮ. “ನಾನೇ ಹಾಕೀನ್ರಿ ಅಜ್ಜಾರ. ವೀರಯ್ಯಂದು ಏನೂ ತಪ್ಪಿಲ್ಲ.”

ಒಂದು ಮಂಗ ಕೂಡ ಕಡಿಯುತ್ತಿದ್ದ ಪೇರಲಹಣ್ಣು ಬಿಟ್ಟು ಕೇಳಿತು.

ಅವಳು ಎಲ್ಲ ಹೇಳಿದಳು. ನಾನು ಪುರಾವೆ ಮುಂದಿಟ್ಟೆ. ತಳದ ಕೆಸರು ವಿಭೂತಿ, ಆದ್ದರಿಂದ ಹಾಕಿದ್ದು ಪೂಜೆಯ ನೀರು. ದೀಪ ಹತ್ತುವುದು ಮಂಗಳವಾರ, ಆದ್ದರಿಂದ ಹಾಕಿದ್ದು ಸೋಮವಾರ. ಮುಚ್ಚಳಕ್ಕೆ ಬೀಗ, ವೀರಯ್ಯ ಸ್ನಾನಕ್ಕೆ, ಆದ್ದರಿಂದ ತೆರೆದದ್ದು ನಮ್ಮ ಮನೆಯ ಕೀಲಿ. ಅದು ಇನ್ನೂ ಪೆಟ್ರೋಲ್ ನಾರುತ್ತಿದೆ, ಮೂಸಿ ನೋಡಬಹುದು. ಮಾರಾಟದ ಆಸೆಗೆ ನೀರು ತುಂಬಿದ್ದರೆ ಕಾರು ವಾರವಲ್ಲ, ಒಂದು ಗಲ್ಲಿಯನ್ನೂ ದಾಟುತ್ತಿರಲಿಲ್ಲ. ಚಮಚ, ಬಟ್ಟಲು, ತಂಬಿಗೆ, ಹೀಗೆ ಏರಿದ್ದರಿಂದಲೇ ದೀಪ ಮೊದಲು ಬಂತು, ಸಾವು ಆಮೇಲೆ ಬಂತು.

ಗುರುಪಾದಯ್ಯನವರು ಕೀಲಿ ಮೂಸಿದರು. ಅದರ ಮೇಲಿನ ಮೂರು ಗೆರೆ ನೋಡಿದರು. ಅವರ ಹೊಟ್ಟೆ ಕುಲುಕತೊಡಗಿತು. ಆಮೇಲೆ ಭುಜ. ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಸಾಯೋ ಹೊತ್ತಿನಾಗ ಬಾಯಿಗೆ ಗಂಗಾಜಲ ಬಿದ್ರ ಮೋಕ್ಷ ಅಂತಾರ, ತಾಯಿ. ನಿನ್ನ ನಂದಿ ಸೋನಾರ್‌ಪುರದಾಗ ಮೋಕ್ಷ ಪಡದಿತ್ತು. ಈ ಲಲ್ಲನ್ ವಾಪಸ್ ಎಳಕೊಂಡು ಬಂದಾನ.”

ಲಲ್ಲನ್‌ಗೆ ಬರುವುದು ಅರ್ಧಂಬರ್ಧ ಕನ್ನಡ. ತನ್ನ ಹೆಸರು ಕೇಳಿ ಕೈಮುಗಿದ.

ನಗು ನಿಂತಿತು. ಗುರುಪಾದಯ್ಯನವರು ಕಟ್ಟೆಯಿಂದ ಇಳಿದು ಬಂದು ವೀರಯ್ಯನ ಟ್ರಂಕಿನ ಹಗ್ಗವನ್ನು ತಾವೇ ಬಿಚ್ಚಿದರು.

“ನಿನ್ನ ಮ್ಯಾಲ ಸಂಶಯಪಟ್ಟಿದ್ದು ನಮ್ಮ ತಪ್ಪು. ಮನಸಿನ್ಯಾಗ ಇಟಗೋಬ್ಯಾಡಪಾ.”

ವೀರಯ್ಯ ಆಗ ಅತ್ತ. ನಿನ್ನೆಯಿಂದ ತಡೆದು ಇಟ್ಟದ್ದೆಲ್ಲ. ತೋಂಟೇಶ ಆ ಟ್ರಂಕನ್ನು ಹೆಗಲಿಗೆ ಹೊತ್ತು ವೀರಯ್ಯನ ಕೋಣೆಗೆ ಒಯ್ದ. ಅವತ್ತಿನ ಊಟದಲ್ಲಿ ವೀರಯ್ಯನ ಎಲೆಗೆ ತುಪ್ಪ ಬಿದ್ದದ್ದು ನೋಡಿದರೆ ಗಂಗೆಗೆ ಮಳೆಗಾಲದಲ್ಲೂ ಅಷ್ಟು ಪ್ರವಾಹ ಬರುವುದಿಲ್ಲ.

*

ಲಲ್ಲನ್ ಟ್ಯಾಂಕ್ ಬರಿದು ಮಾಡಿ, ತೊಳೆದು, ಒಣಗಿಸಿ ಕೊಟ್ಟ. ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ. ತೀರ್ಥ ಕುಡಿದ ಗಾಡಿಗೆ ಕೈ ಹಚ್ಚಿದ್ದೇ ತನ್ನ ಪುಣ್ಯ ಎಂದ. ತೆಗೆದ ನೀರನ್ನು ಚರಂಡಿಗೆ ಚೆಲ್ಲಬಹುದೇ ಎಂದು ಮಾತ್ರ ಮೂರು ಸಲ ಕೇಳಿದ.

ಸೋಮವಾರ ಬಂತು. ಬಸಲಿಂಗಮ್ಮ ಪೂಜೆ ಮುಗಿಸಿ ತಂಬಿಗೆ ಹಿಡಿದು ಕಾರಿನ ಬಳಿ ಬಂದಳು. ನಾನು ಮುಚ್ಚಳಕ್ಕೆ ಅಡ್ಡ ನಿಂತೆ.

“ಸರೀರಿ ಅತ್ತಾಗ. ನನಗೇನು ಬುದ್ಧಿ ಇಲ್ಲೇನು?”

ಗುರುಪಾದಯ್ಯನವರು ಅಪ್ಪಣೆ ಮಾಡಿದಂತೆ ಒಂದು ಚಮಚ ಮುಂದಿನ ಚಕ್ರಕ್ಕೆ ಹಾಕಿದಳು. ಆಮೇಲೆ ತಿರುಗಿದಳು. ವೀರಯ್ಯ ಸ್ನಾನ ಮುಗಿಸಿ, ಒದ್ದೆ ತಲೆಯಲ್ಲಿ, ಹೆಗಲಿಗೆ ಧೋತ್ರ ಹಾಕಿಕೊಂಡು ಬರುತ್ತಿದ್ದ.

“ಇಲ್ಲಿ ಬಾರಪಾ. ಕೈ ಹಿಡಿ.”

ಅವನು ಅಂಗೈ ಬೊಗಸೆ ಮಾಡಿದ. ಅವಳು ಚಮಚ ಬಿಟ್ಟು ತಂಬಿಗೆಯಿಂದಲೇ ಬಗ್ಗಿಸಿದಳು.

“ಕುಡಿ. ಓಡಿಸಿದಾಂವ ನೀನು. ನಾ ಇಷ್ಟು ದಿನ ಗಾಡಿಗೆ ಕುಡಿಸಿದೆ.”

ವೀರಯ್ಯ ಕುಡಿದ. ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಬಹಳ ಹೊತ್ತು ತೆಗೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ನನ್ನ ಎದೆಯ ತಪಾಸಣೆ ಇತ್ತು. ಬಸಲಿಂಗಮ್ಮನೂ ಬಂದಳು, ದೀಪ ನೋಡಲು. ವೀರಯ್ಯ ಕೀಲಿ ತಿರುಗಿಸಿದ. ಹಳದಿ ದೀಪ ಹತ್ತಿತು.

“ಅಯ್ಯ ಶಿವನೇ!” ಎಂದಳು.

“ಹೆದರಬ್ಯಾಡ್ರಿ ಅವ್ವಾರ. ಶುರುವಿಗೆ ಎಲ್ಲಾ ದೀಪ ಹತ್ತತಾವ.”

ಎಂಜಿನ್ ಗುಡುಗಿತು. ಹಳದಿ ದೀಪ ಆರಿತು. ಮತ್ತೆ ಹತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಬಳೆಗಳ ಸದ್ದಾಯಿತು, ಕೈಮುಗಿದದ್ದು.

ಸೋನಾರ್‌ಪುರ ದಾಟಿದೆವು. ಆ ತಿರುವು ಬಂತು. ಎಡಗಡೆ ಹರಿಶ್ಚಂದ್ರ ಘಾಟಿನ ಹೊಗೆ ಮೇಲೇಳುತ್ತಿತ್ತು. ಈ ಜಗತ್ತಿನಲ್ಲಿ ನನ್ನಷ್ಟು ಮಾತಾಡುವವನು ಇನ್ನೊಬ್ಬ ಹುಟ್ಟಿಲ್ಲ. ಆದರೆ ಅಲ್ಲಿ ವೀರಯ್ಯನ ಭುಜದ ಮೇಲೆ ಕೈ ಇಟ್ಟೆ, ಅಷ್ಟೇ.

ಅವನು ಹಾರ್ನ್ ಹೊಡೆದ. ನೇರ ಹೋದ.